ಜನಮತಗಣನೆಯ ಫಲಿತಾಂಶವನ್ನು ದುಡಿಮೆಯ ಕಣ್ಣಿನಿಂದ ಓದುವ ಬಗೆ

ಒಂದು ಪ್ರಶ್ನೆಯನ್ನು ನೇರವಾಗಿ ಜನರ ಮತಕ್ಕೆ ಹಾಕುವ ಜನಮತಗಣನೆಯ ಫಲಿತಾಂಶವನ್ನು ಅರ್ಥಮಾಡಿಕೊಳ್ಳಲು ಹೊರಟವರು ಮತದಾರನ ಪಕ್ಷಕ್ಕಿಂತ ಮೊದಲು ಅವನ ಕಸುಬನ್ನು, ಆ ಕಸುಬು ಅವನನ್ನು ಎಲ್ಲಿ ಕಟ್ಟಿಹಾಕಿದೆ ಎಂಬುದನ್ನು ವಿಚಾರಿಸಬೇಕು.

ಅಭ್ಯಾಸಕ್ಕೆ ನಮ್ಮ ತೋಟವೇ ಸಾಕು. ವಿಯೆಟ್ನಾಂ ಮೆಣಸಿನ ಹಾವಳಿಯ ಕೂಗು ಹೆಚ್ಚಿದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರವು ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ನಿಗದಿಪಡಿಸಿತು. ಆ ಪ್ರಶ್ನೆಯನ್ನೇ ಕೊಡಗಿನ ಜನರ ಮತಕ್ಕೆ ಹಾಕಿದ್ದರೆ ಏನಾಗುತ್ತಿತ್ತೆಂದು ಊಹಿಸಿ. ಜಮೀನನ್ನು ಹೊತ್ತುಕೊಂಡು ಹೋಗಲಾಗದ ಬೆಳೆಗಾರನ ಉತ್ತರ ಕೇಳುವ ಮೊದಲೇ ಗೊತ್ತು. ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೆಣಸು ಕೊಯ್ಯುವವನೂ ಅವನ ಜೊತೆಗೇ ನಿಲ್ಲಬಹುದು, ಏಕೆಂದರೆ ಆ ಕೈಚಳಕಕ್ಕೆ ತೋಟದ ಹೊರಗೆ ಕೂಲಿ ಹುಟ್ಟುವುದಿಲ್ಲ. ಕಾಫಿ ಹಣ್ಣಿನ ಕೊಯ್ಲು ಮುಗಿಸಿ ಕಟ್ಟಡ ಕೆಲಸಕ್ಕೆ ಹೊರಡಬಲ್ಲ ವಲಸೆ ಕಾರ್ಮಿಕನಿಗಾದರೋ ಮೆಣಸಿನ ದರ ಅಷ್ಟೇನೂ ದೊಡ್ಡ ಸಂಗತಿಯಲ್ಲ (ಅವನ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿದೆಯೇ ಎಂಬುದು ಬೇರೆಯೇ ಪ್ರಶ್ನೆ).

ಕೆಲಸ ಬದಲಿಸುವುದು ಸುಲಭವಿದ್ದಲ್ಲಿ ಮತವು ಕೌಶಲದ ಮಟ್ಟವನ್ನು ಅನುಸರಿಸುತ್ತದೆ, ಕಷ್ಟವಿದ್ದಲ್ಲಿ ದುಡಿಯುವ ಉದ್ಯಮವನ್ನು. ಮೊದಲನೆಯದಕ್ಕೆ ಇನ್ನೊಂದು ಅಂಶ ಸೇರಿಸಬೇಕು: ದೇಶದಲ್ಲಿ ಹೇರಳವಾಗಿರುವ ಬಗೆಯ ದುಡಿಮೆಗೇ ಮುಕ್ತ ವ್ಯಾಪಾರದಿಂದ ಲಾಭ ಎನ್ನುತ್ತದೆ ಅರ್ಥಶಾಸ್ತ್ರ. 2016ರಲ್ಲಿ ಶೇ. 51.9ರಷ್ಟು ಮತಗಳಿಂದ ಯುರೋಪ್ ಒಕ್ಕೂಟವನ್ನು ತೊರೆಯಲು ತೀರ್ಮಾನಿಸಿದ, ಓದಿದವರ ದುಡಿಮೆಯೇ ಹೇರಳವಾಗಿರುವ ಬ್ರಿಟನ್ನಿನಲ್ಲಿ ಕಡಿಮೆ ಓದಿದವರು ತೊರೆಯುವ ಕಡೆಗೇ ಹೆಚ್ಚಾಗಿ ವಾಲಿದ್ದು ಈ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ. ನಮ್ಮಂತೆಯೇ ಕಾಫಿ ಬೆಳೆಯುವ ಕೋಸ್ಟರಿಕಾ, ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದವನ್ನು 2007ರ ಅಕ್ಟೋಬರ್ 7ರಂದು ಮತಕ್ಕೆ ಹಾಕಿದಾಗ ಸುಮಾರು ಶೇ. 51.6ರಷ್ಟು ಮತಗಳು ಒಪ್ಪಂದದ ಪರ ಬಿದ್ದವು. ಅಲ್ಲಿ ಸರ್ಕಾರಿ ಏಕಸ್ವಾಮ್ಯದಲ್ಲಿದ್ದ ದೂರಸಂಪರ್ಕ, ವಿಮೆಗಳ ಬಾಗಿಲು ತೆರೆಯಬೇಕಾಗಿದ್ದುದರಿಂದ ಆ ಸಂಸ್ಥೆಗಳ ನೌಕರ ಸಂಘಗಳು ವಿರೋಧದ ಮುಂಚೂಣಿಯಲ್ಲಿದ್ದವು. ಓದು, ಕೌಶಲ ಎರಡೂ ಇದ್ದವರನ್ನು ಎದುರು ನಿಲ್ಲಿಸಿದ್ದು ಅವರು ದುಡಿಯುತ್ತಿದ್ದ ಉದ್ಯಮ.

ಒಟ್ಟು ಅಂಕಿಗಳಿಂದ ವ್ಯಕ್ತಿಯ ಮತವನ್ನು ಊಹಿಸುವುದು ಈ ಕೆಲಸದ ದೊಡ್ಡ ತಪ್ಪು. 1952ರ ಕೊಡಗಿನ ಚುನಾವಣೆಯಲ್ಲಿ ಮೈಸೂರಿನೊಂದಿಗಿನ ವಿಲೀನವೇ ಮುಖ್ಯ ಪ್ರಶ್ನೆಯಾಗಿತ್ತು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ವಿಲೀನವನ್ನು ವಿರೋಧಿಸಿದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಬಂದವು. ಈ ಸಂಖ್ಯೆಗಳನ್ನು ಎಷ್ಟು ತಿರುವಿಹಾಕಿದರೂ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳವರು ಯಾರಿಗೆ ಮತ ಹಾಕಿದರೆಂಬುದು ಹೊರಬೀಳುವುದಿಲ್ಲ. ಮತಗಟ್ಟೆವಾರು ಅಂಕಿಗಳನ್ನು ಅಲ್ಲಿನ ಉದ್ಯೋಗದ ವಿವರದೊಂದಿಗೆ ಹೋಲಿಸಿ, ಬಳಿಕ ಆ ಲೈನ್‌ಮನೆಗಳಿಗೇ ಹೋಗಿ ಕೇಳಿ.