ಪರೀಕ್ಷೆ ಬರೆದುಕೊಡುವವರನ್ನು ಹಿಂದಿನ ದಿನ ಹುಡುಕಬೇಡಿ

ಹೋದ ವರ್ಷ ಮಂಡ್ಯ ಕಡೆಯ ಹುಡುಗಿಯೊಬ್ಬಳು ಮೈಸೂರಿನ ಕಾಲೇಜೊಂದರಲ್ಲಿ ಮೊದಲ ಸೆಮಿಸ್ಟರ್ ಇತಿಹಾಸ ಪರೀಕ್ಷೆಗೆ ಕೂತಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಉತ್ತರವೆಲ್ಲ ಬಾಯಲ್ಲೇ ಇತ್ತು. ಆದರೆ ಅವಳು ಹೇಳಿದ್ದನ್ನು ಬರೆಯಲು ಬಂದ ಹುಡುಗನ ದನಿಯನ್ನು ಅವಳು ಮೊದಲು ಕೇಳಿದ್ದೇ ಆವತ್ತು ಬೆಳಿಗ್ಗೆ, ಹಾಲ್ ಬಾಗಿಲಲ್ಲಿ. ಅವನು ಇಂಗ್ಲಿಷ್ ಮೀಡಿಯಂನವನು. ಒತ್ತಕ್ಷರ ಬಂದಾಗಲೆಲ್ಲ ಪೆನ್ನು ನಿಂತುಬಿಡುತ್ತಿತ್ತು. ಹತ್ತು ಅಂಕದ ಎರಡು ಪ್ರಶ್ನೆ ಮುಟ್ಟುವುದಕ್ಕೇ ಆಗಲಿಲ್ಲ. ಹೊರಗೆ ಬಂದು ಅವಳು ಅತ್ತಿದ್ದನ್ನು ನಾನು ಇನ್ನೂ ಮರೆತಿಲ್ಲ. ಇಂಥ ಮಕ್ಕಳಿಗೆ ಪಾಠ ಓದಿ ಹೇಳುವ ಕೆಲಸದಲ್ಲಿ ಇದನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಸೀಟಿಗಾಗಿ ವರ್ಷವೆಲ್ಲ ಓಡಾಡುತ್ತಾರೆ, ಪರೀಕ್ಷೆ ಬರೆಸುವ ತಯಾರಿಗೆ ಒಂದು ದಿನವೂ ಇಡುವುದಿಲ್ಲ.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ಹೇಳುತ್ತಾರೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯಸ್ಸಿನ ಮಿತಿಯಲ್ಲೂ 5 ವರ್ಷ ರಿಯಾಯಿತಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಯುಡಿಐಡಿ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇರಲಿ.

ಅಡ್ಮಿಷನ್‌ಗೆ ಮೊದಲು ಕಾಲೇಜಿಗೆ ಹೋಗಿ, ಬಸ್ ಸ್ಟಾಪಿನಿಂದ ಕ್ಲಾಸಿನವರೆಗೆ, ಕ್ಲಾಸಿನಿಂದ ಶೌಚಾಲಯದವರೆಗೆ ಒಮ್ಮೆ ನಡೆದು ನೋಡಿ. ಪ್ರಿನ್ಸಿಪಾಲರ ಹತ್ತಿರ ಮಕ್ಕಳೇ ಮಾತಾಡಲಿ, ಅಪ್ಪ ಅಮ್ಮ ಪಕ್ಕದಲ್ಲಿ ಕೂತರೆ ಸಾಕು. ತನಗೆ ಏನು ಬೇಕು ಎಂದು ಬಾಯಿಬಿಟ್ಟು ಕೇಳುವುದು ಮೊದಲ ದಿನವೇ ರೂಢಿಯಾಗಬೇಕು.

ಈಗ ಸ್ಕ್ರೈಬ್, ಅಂದರೆ ನೀವು ಹೇಳಿದ ಉತ್ತರ ಬರೆದುಕೊಡುವವರ ವಿಷಯ. ಸೆಮಿಸ್ಟರ್ ಶುರುವಾದ ವಾರವೇ ಹುಡುಕಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ, ನೀವೇ ಕರೆತರುವ ಸ್ಕ್ರೈಬ್ ಓದಿನಲ್ಲಿ ನಿಮಗಿಂತ ಒಂದು ಹಂತ ಕೆಳಗಿರಬೇಕಿತ್ತು. ಅಂದರೆ ಡಿಗ್ರಿಯವರಿಗೆ ಪಿಯುಸಿಯವರು. ಬೇರೆ ಬೇರೆ ವಿಷಯಕ್ಕೆ, ಅದರಲ್ಲೂ ಭಾಷೆಗಳಿಗೆ, ಬೇರೆ ಬೇರೆ ಸ್ಕ್ರೈಬ್ ತೆಗೆದುಕೊಳ್ಳಬಹುದು ಎಂದೂ ಅದರಲ್ಲಿತ್ತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, 3 ಗಂಟೆಯ ಪರೀಕ್ಷೆಗೆ 1 ಗಂಟೆ. ಸ್ಕ್ರೈಬ್ ಬೇಡ, ತಾನೇ ಬರೆಯುತ್ತೇನೆ ಎನ್ನುವ ಅರ್ಹ ವಿದ್ಯಾರ್ಥಿಗೂ ಈ ಸಮಯ ಉಂಟು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೂರು ಗಂಟೆಗೇ ಎದ್ದು ಬರುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ಈಗಿನ ನಿಯಮ ಏನೆಂದು ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಟ್ಟು ಕೇಳಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿನ ‘ಆಯ್ತಮ್ಮ, ಮಾಡೋಣ’ ಪರೀಕ್ಷೆಯ ದಿನ ಕೈಹಿಡಿಯುವುದಿಲ್ಲ.

ಜಾಣರನ್ನು ಹುಡುಕಬೇಡಿ. ಕನ್ನಡವನ್ನು ಬೇಗ, ಬಿಡಿಸಿ ಬರೆಯುವವರನ್ನು ಹುಡುಕಿ. ಜಾಣ ಸ್ಕ್ರೈಬ್ ತನಗೆ ಗೊತ್ತಿದ್ದದ್ದನ್ನು ಸೇರಿಸಿಬಿಡುತ್ತಾನೆ. ನಮ್ಮ ಹುಡುಗಿ ಶ್ರೀರಂಗಪಟ್ಟಣ ಒಪ್ಪಂದಕ್ಕೆ 1792 ಎಂದು ಸರಿಯಾಗಿಯೇ ಹೇಳಿದ್ದಳು. ಆ ಹುಡುಗನ ತಲೆಯಲ್ಲಿ ಟಿಪ್ಪು ಸತ್ತ 1799 ಕೂತಿತ್ತು, ಅದನ್ನೇ ಬರೆದ. ಅದಕ್ಕೇ ಇಸವಿಯನ್ನು ಬಿಡಿ ಅಂಕಿಯಾಗಿ ಹೇಳಿ: ಒಂದು, ಏಳು, ಒಂಬತ್ತು, ಎರಡು. ಆಮೇಲೆ ಅವನ ಬಾಯಿಂದ ವಾಪಸ್ ಓದಿಸಿ.

ವಾರಕ್ಕೊಂದು ಸಲ, ಭಾನುವಾರ ಆದರೂ ಸರಿ, ಇಬ್ಬರೂ ಕೂತು ಹಳೇ ಪ್ರಶ್ನೆಪತ್ರಿಕೆಯ ಒಂದು ದೊಡ್ಡ ಉತ್ತರ ಬರೆಸಿ. ಗಡಿಯಾರ ಎದುರಿಗಿರಲಿ. ಮೊದಲ ಸಲ ಹತ್ತು ಅಂಕದ ಉತ್ತರಕ್ಕೆ ನಲವತ್ತು ನಿಮಿಷ ಹಿಡಿದರೆ ಹೆದರಬೇಡಿ, ಅಭ್ಯಾಸದಿಂದ ಇಳಿಯುತ್ತದೆ. ಇಬ್ಬರಿಗೂ ಒಂದೇ ಸಂಕೇತ ಇರಲಿ: ‘ಹೊಸ ಪ್ಯಾರಾ’, ‘ಕೆಳಗೆ ಗೆರೆ’, ‘ಹೊಡೆದು ಹಾಕು’. ಒಂದೇ ಉಸಿರಿಗೆ ಇಡೀ ವಾಕ್ಯ ಹೇಳಬೇಡಿ. ನಾಲ್ಕೈದು ಪದ ಹೇಳಿ, ಪೆನ್ನಿನ ಸದ್ದು ನಿಲ್ಲುವವರೆಗೆ ಕಾದು, ಮುಂದಿನದು ಹೇಳಿ. ಬರೆಯುವ ಹೊತ್ತಿನಲ್ಲಿ ಮುಂದಿನ ವಾಕ್ಯ ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು ಕಲಿಯಬೇಕಾದ ವಿದ್ಯೆ. ಪುಸ್ತಕ ಓದಿ ಬರುವುದಿಲ್ಲ, ಬರೆಸಿ ಬರೆಸಿಯೇ ಬರಬೇಕು. ಸ್ಕ್ರೈಬ್‌ಗೆ ಜ್ವರ ಬಂದರೆ? ಇನ್ನೊಬ್ಬರು ತಯಾರಿರಲಿ. ಕೊನೇ ಗಳಿಗೆಯಲ್ಲಿ ಬದಲಿಸಲು 2018ರ ಮಾರ್ಗಸೂಚಿಯಲ್ಲೇ ಅವಕಾಶವಿತ್ತು.

ನೋಟ್ಸ್ ಬಗ್ಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೋ ನೋಟ್ಸ್, ಹಳೇ ನುಡಿ ಫಾಂಟಿನ ಫೈಲು ಸ್ಕ್ರೀನ್ ರೀಡರ್‌ಗೆ, ಅಂದರೆ ಪರದೆಯ ಮೇಲಿನದನ್ನು ದನಿಯಲ್ಲಿ ಓದುವ ಸಾಫ್ಟ್‌ವೇರ್‌ಗೆ, ನೆಟ್ಟಗೆ ಓದಲು ಬರುವುದಿಲ್ಲ. ಮೇಷ್ಟ್ರ ಹತ್ತಿರ ಯೂನಿಕೋಡ್ ಫೈಲ್ ಕೇಳಿ ಪಡೆಯಿರಿ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ದುಬಾರಿ ಸಾಫ್ಟ್‌ವೇರ್‌ಗೆ ಸಾಲ ಮಾಡಬೇಡಿ. ಕಿವಿ ಮಂದವಿರುವ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಸಿಗುವ, ಸುಮ್ನೆ ಸದ್ದು ಜೋರು ಮಾಡುವ ಅಗ್ಗದ ಯಂತ್ರ ಖಂಡಿತ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಪರೀಕ್ಷೆ ಮಾಡಿಸಿ ಆಮೇಲೆ ಮಿಷನ್ ಹಾಕಿಸಿ.

ಪರೀಕ್ಷೆಯ ದಿನ ಅರ್ಧ ಗಂಟೆ ಮೊದಲು ಹೋಗಿ, ನೆಲಮಹಡಿಯ ಬೇರೆ ಕೊಠಡಿ ಕೇಳಿ. ಸಾಲು ಸಾಲು ಬೆಂಚಿನ ನಡುವೆ ಪಿಸುಗುಟ್ಟಿ ಉತ್ತರ ಹೇಳಲು ಆಗುವುದಿಲ್ಲ, ಅಲ್ವಾ? ಮೊದಲ ಹತ್ತು ನಿಮಿಷ ಇಡೀ ಪ್ರಶ್ನೆಪತ್ರಿಕೆ ಎರಡು ಸಲ ಓದಿಸಿ, ಚೆನ್ನಾಗಿ ಬರುವ ಪ್ರಶ್ನೆಯಿಂದ ಶುರು ಮಾಡಿ. ನಮ್ಮ ಹುಡುಗಿ ಎರಡನೇ ಸೆಮಿಸ್ಟರ್‌ಗೆ ಹಾಸ್ಟೆಲ್ ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು ಜೊತೆ ಮಾಡಿಕೊಂಡಳು, ಹದಿಮೂರು ಭಾನುವಾರ ಕೂತು ಬರೆಸಿದಳು. ಪರೀಕ್ಷೆಯ ದಿನ ಉತ್ತರಪತ್ರಿಕೆ ಕೈಗೆ ಬಂದ ತಕ್ಷಣ ಅವಳು ಹೇಳಿದ ಮೊದಲ ಮಾತು: ‘ರಿಜಿಸ್ಟರ್ ನಂಬರ್ ಬರ್ದ್ಯಾ? ಒಂದೊಂದೇ ಅಂಕಿ ಓದು, ಕೇಳ್ತೀನಿ.’