ಡೆಕೋರಿನ್ ಕೊಲಾಜನ್ ಅನ್ನು ತಡೆಯುತ್ತದೆ, ಉಪ್ಪಲ್ಲ: ನನ್ನ ಅನುಭವ

ಕೊಲಾಜನ್ ಅಂದರೆ ಚರ್ಮ, ಟೆಂಡನ್ನುಗಳ ಎಳೆ ಕಟ್ಟುವ ಪ್ರೋಟೀನ್; ಡೆಕೋರಿನ್ ಅದಕ್ಕೆ ಅಂಟುವ, ಸಕ್ಕರೆ ಸರಪಳಿ ಹೊತ್ತ ಇನ್ನೊಂದು ಪ್ರೋಟೀನ್. ಪ್ಲೇಟಿನಲ್ಲಿ ಡೆಕೋರಿನ್ ಹಾಕಿದ ಬಾವಿಯಲ್ಲಿ (ಪುಟ್ಟ ಗುಳಿಯಲ್ಲಿ) ಕೊಲಾಜನ್ ಎಳೆ ಕಟ್ಟುವುದು ತಡವಾಯಿತೆಂದು ಗ್ರಾಫ್ ತೋರಿಸಿದರೆ, 'ಅದು ನಿಮ್ಮ ಬಫರಿನ ಉಪ್ಪು' ಅಂತ ತಲೆ ಅಲ್ಲಾಡಿಸುವವರೇ ಹೆಚ್ಚು. ಅನುಮಾನಕ್ಕೆ ಕಾರಣವೂ ಇದೆ, ಡೆಕೋರಿನ್ ಹೊರತೆಗೆಯಲು ಬಳಸುವ ಗ್ವಾನಿಡೀನ್ ಎಂಬ ಉಪ್ಪು ತುಸು ಉಳಿದರೂ ಲ್ಯಾಗ್ (ಎಳೆ ಕಟ್ಟತೊಡಗುವ ಮುಂಚಿನ ಕಾಯುವ ಹೊತ್ತು) ಹಿಗ್ಗುತ್ತದೆ. ಕೊನೆಯ ಡಯಾಲಿಸಿಸ್ಸಿನ (ಪೊರೆಯ ಚೀಲದಲ್ಲಿಟ್ಟು ಉಪ್ಪು ಹೊರಹಾಕುವುದು) ಹೊರಗಿನ ಬಫರನ್ನೇ, ಡೆಕೋರಿನ್ ಬದಲು, ಅಷ್ಟೇ ಮೈಕ್ರೋಲೀಟರ್ ಕಂಟ್ರೋಲ್ ಬಾವಿಗೆ ಹಾಕಿ. ಆ ಬಾವಿಯ ಗೆರೆ ಬರೀ ಕೊಲಾಜನ್ ಇರುವ ಬಾವಿಯ ಗೆರೆಯ ಜೊತೆಗೇ ಏರಿದರೆ ವಾದ ಮುಗಿಯಿತು. ನನ್ನದು ಏರಿತು.

ಕೊಂಡು ತರುವ ಡೆಕೋರಿನ್ ಮೈಕ್ರೋಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ಒಂದು ಪ್ಲೇಟಿಗೇ ಖಾಲಿ. ಕುರಿ ಕಾಲಿನ ಟೆಂಡನ್ ಮಟನ್ ಅಂಗಡಿಯಲ್ಲಿ ಹೆಚ್ಚುಕಡಿಮೆ ಪುಕ್ಕಟೆ. ದುಡ್ಡು ತಿನ್ನುವುದು ಗ್ವಾನಿಡೀನ್: 4 ಮೋಲಾರ್ ಅಂದರೆ ಲೀಟರಿಗೆ 380 ಗ್ರಾಂ ಚಿಲ್ಲರೆ. ಟೆಂಡನ್ ತೂಕದ ಹತ್ತು ಪಟ್ಟು ದ್ರಾವಣ ಸಾಕು. ಇಡಿಟಿಎ, ಪಿಎಂಎಸ್‌ಎಫ್, ಎನ್-ಈಥೈಲ್‌ಮೇಲಿಮೈಡ್ ಮೂರೂ ಇರಲಿ (ಪ್ರೋಟೀನ್ ಕತ್ತರಿಸುವ ಎಂಜೈಮುಗಳನ್ನು ತಡೆಯಲು), 4 ಡಿಗ್ರಿಯಲ್ಲಿ ಎರಡು ರಾತ್ರಿ ತಿರುಗಲಿ. ಗ್ವಾನಿಡೀನ್ ಇದ್ದಂತೆಯೇ ಕ್ಯೂ-ಸೆಫರೋಸಿಗೆ (ಋಣ ವಿದ್ಯುದಂಶದ ಅಣು ಹಿಡಿಯುವ ಕಾಲಂ) ಹಾಕಿದರೆ ಏನೂ ಅಂಟದು. ಮೊದಲು ಗ್ವಾನಿಡೀನ್ ತೆಗೆದು 7 ಮೋಲಾರ್ ಯೂರಿಯಾಕ್ಕೆ ಬದಲಿಸಬೇಕು. ಯೂರಿಯಾ ಅಂದಂದೇ ಕರಗಿಸಿದ್ದಾಗಿರಲಿ, ಹಳೆಯದರಲ್ಲಿ ಸಯನೇಟ್ ಹುಟ್ಟಿ ಪ್ರೋಟೀನನ್ನೇ ಕೆಡಿಸುತ್ತದೆ. ಕೊನೆಗೆ ಯೂರಿಯಾ ತೆಗೆಯುವ ಮೆಟ್ಟಿಲುಗಳ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದೇಟಿಗೆ ತೆಗೆದರೆ ಮಾಲು ಗಂಟುಗಟ್ಟುತ್ತದೆ ಎಂದಷ್ಟು ಹೇಳುತ್ತೇನೆ.

ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನಲ್ಲಿ 100 ಕಿಲೋಡಾಲ್ಟನ್ ಆಸುಪಾಸು ಮಸುಕು ಪಟ್ಟಿ ಕಾಣಬೇಕು. ಪ್ರೋಟೀನಿಗೆ ಹಿಡಿಯುವ ಬಣ್ಣವಾದ ಕೂಮಾಸಿ ನಂಬಬೇಡಿ, ಸಕ್ಕರೆ ಸರಪಳಿಗೆ ಹಿಡಿಯುವ ಆಲ್ಸಿಯನ್ ಬ್ಲೂ ಹಾಕಿ.

ಕೊಲಾಜನ್ ಇಲಿ ಬಾಲದ್ದು, ಆಮ್ಲದಲ್ಲಿ ಕರಗಿಸಿದ್ದು. ಪೆಪ್ಸಿನ್ ಎಂಜೈಮ್ ಕೊಟ್ಟದ್ದು ಬೇಡ: ಟೆಲೋಪೆಪ್ಟೈಡ್ (ಕೊಲಾಜನ್ ಅಣುವಿನ ತುದಿಯ ತುಣುಕು) ಕತ್ತರಿಸಿ ಹೋಗಿರುವುದರಿಂದ ಅದು ತಾನಾಗಿಯೇ ನಿಧಾನ, ಹೋಲಿಕೆ ಹಾಳು. ತಣ್ಣಗೆ ಜೋರಾಗಿ ಸೆಂಟ್ರಿಫ್ಯೂಜ್ ಮಾಡದಿದ್ದರೆ ಮೊದಲೇ ಕಟ್ಟಿಕೊಂಡ ಚೂರುಗಳು ಹೆಪ್ಪಿನಂತೆ ಕೆಲಸ ಮಾಡಿ ಲ್ಯಾಗನ್ನೇ ನುಂಗುತ್ತವೆ. ಮಿಲಿಲೀಟರಿಗೆ ಕೊಲಾಜನ್ ಸುಮಾರು 100 ಮೈಕ್ರೋಗ್ರಾಂ, ಡೆಕೋರಿನ್ 10ರಿಂದ 20. ಎಲ್ಲವನ್ನೂ ಐಸಿನ ಮೇಲೆ ಬೆರೆಸಿ, 37 ಡಿಗ್ರಿಗೆ ಏರಿಸಿ, 400 ನ್ಯಾನೋಮೀಟರಿನಲ್ಲಿ ಮಬ್ಬು ಎಷ್ಟೆಂದು ಓದಿ. ಬಿಸಿಯಾದಾಗ ಏಳುವ ಗಾಳಿಗುಳ್ಳೆಯೇ ದೊಡ್ಡ ಶತ್ರು. ಬಫರಿನ ಗಾಳಿ ಮೊದಲೇ ತೆಗೆದಿಡಿ, ಅಂಚಿನ ಬಾವಿಗಳಲ್ಲಿ ಬರೀ ನೀರಿರಲಿ. ಡೆಕೋರಿನ್ ಇದ್ದಲ್ಲಿ ಲ್ಯಾಗ್ ಉದ್ದ, ಕೊನೆಯ ಮಟ್ಟವೂ ಕೆಳಗೆ. ಸಪೂರ ಎಳೆ ಬೆಳಕನ್ನು ಕಡಿಮೆ ಚೆದುರಿಸುತ್ತದೆ.

ಕುತೂಹಲಕ್ಕೆ ಕಾಂಡ್ರಾಯ್ಟಿನೇಸ್ ಎಬಿಸಿ ಎಂಬ ಎಂಜೈಮಿನಿಂದ ಡೆಕೋರಿನ್ನಿನ ಸಕ್ಕರೆ ಸರಪಳಿ ಕತ್ತರಿಸಿ ಹಾಕಿದೆ. ಪಟ್ಟಿ 45 ಕಿಲೋಡಾಲ್ಟನ್ ಹತ್ತಿರಕ್ಕೆ ಇಳಿಯಿತು, ತಡೆ ಮಾತ್ರ ಹೋಗಲಿಲ್ಲ. ಅಂಥದೇ ಸಕ್ಕರೆ ಸರಪಳಿಯಾದ ಕಾಂಡ್ರಾಯ್ಟಿನ್ ಸಲ್ಫೇಟನ್ನು ಬಿಡಿಯಾಗಿ ಹಾಕಿದರೆ ಆ ತಡೆ ಇಲ್ಲ. ಅಂದರೆ ಕೊಲಾಜನ್ ಪಕ್ಕಕ್ಕೆ ಅಂಟಿ ಎಳೆ ದಪ್ಪವಾಗದಂತೆ ನೋಡಿಕೊಳ್ಳುವುದು ಸರಪಳಿ ಹೊತ್ತ ಕೋರ್ ಪ್ರೋಟೀನ್. 1997ರಲ್ಲಿ ವರದಿಯಾದ, ಡೆಕೋರಿನ್ ಜೀನ್ ಕೆಡಿಸಿದ ಇಲಿಗಳ ಚರ್ಮ ಸುಲಭವಾಗಿ ಹರಿಯುತ್ತಿತ್ತು, ಎಳೆಗಳು ಪಕ್ಕಕ್ಕೆ ಬೆಸೆದು ಅಂಚು ಅಂಕುಡೊಂಕಾಗಿದ್ದವು. ಈ ಪ್ರಯೋಗಕ್ಕೆ ಎಂಜೈಮ್ ಮಾತ್ರದ ಕಂಟ್ರೋಲ್ ಬೇಕೇ ಬೇಕು, ಅಗ್ಗದ ಲಾಟುಗಳಲ್ಲಿ ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಬೆರೆತಿರುತ್ತದೆ.