ಬೋರ್ ನೀರಿಗೂ ಜಗ್ಗದ ಹೂಗಿಡಗಳು

ಕೋಲಾರದಲ್ಲಿ ಹೂತೋಟ ಅಂದರೆ ಮೊದಲು ಬರುವುದು ನೀರಿನ ಮಾತು. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಅದರ ಜೋರೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ. ಉಳಿದಂತೆ ಬೋರ್ ನೀರೇ ಗತಿ. ನಮ್ಮ ಬೀದಿಯ ನೀರು ಎಷ್ಟು ಗಡಸು ಅಂದರೆ ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಕುಂಡದ ಅಂಚಿಗೂ ಅದೇ ಸುಣ್ಣ.

ಹಾಗಾಗಿ ನಾನು ಗಿಡ ಆರಿಸಿದ್ದು ನರ್ಸರಿಯಲ್ಲಿ ಅಲ್ಲ. ಮೇ ತಿಂಗಳ ಬಿಸಿಲಲ್ಲಿ, ಯಾರೂ ನೀರು ಹಾಕದ ಕಡೆ ಯಾವುದು ಹಸಿರಾಗಿದೆ ಅಂತ ನೋಡುತ್ತಾ ಹೋದೆ. ಅಂತರಗಂಗೆ ಬೆಟ್ಟದ ಬುಡ, ಕೆರೆ ಏರಿ, ಹಳೇ ಮನೆಗಳ ಕಾಂಪೌಂಡು. ಅಲ್ಲಿ ಬದುಕಿದ್ದು ನಮ್ಮ ಮನೆ ಮುಂದೆಯೂ ಬದುಕುತ್ತದೆ ಅನ್ನುವುದು ನನ್ನ ಲೆಕ್ಕ.

ಆದರೆ ಹಾಗೆ ನೋಡುವಾಗ ಎಷ್ಟೋ ಗಿಡದಲ್ಲಿ ಹೂವೇ ಇರುವುದಿಲ್ಲ. ಪರಿಚಯದವರು ಕೊಡುವ ಕಡ್ಡಿಯಲ್ಲಂತೂ ಎಲೆಯೂ ನಾಲ್ಕೇ. ಅದಕ್ಕೇ ನಾನು ಗುರುತು ಹಿಡಿಯುವುದು ಎಲೆ ಕಾಂಡಕ್ಕೆ ಹೇಗೆ ಕೂತಿದೆ ಅನ್ನುವುದರಿಂದ. ಕಣಗಿಲೆಯನ್ನೇ ತಗೊಳ್ಳಿ. ಉದ್ದ, ಸಪೂರ, ದಪ್ಪ ಎಲೆ. ಒಂದೇ ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ ಸುತ್ತಲೂ ಹೊರಡುತ್ತವೆ. ಹಳದಿ ಕಣಗಿಲೆ ದೂರದಿಂದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಅದರ ಎಲೆಗಳು ಒಂದೊಂದಾಗಿ ಕಾಂಡವನ್ನು ಸುತ್ತುತ್ತಾ ಮೇಲೇರುತ್ತವೆ, ಚಿವುಟಿದರೆ ಬಿಳಿ ಹಾಲು. ನಂದಿಬಟ್ಟಲಿನಲ್ಲೂ ಹಾಲು ಬರುತ್ತದೆ, ಆದರೆ ಎಲೆ ಎದುರುಬದುರು, ಅಗಲ, ಮಿರಿಮಿರಿ ಹಸಿರು. ಇಷ್ಟು ತಿಳಿದರೆ ಈ ಮೂರರಲ್ಲಿ ಗೊಂದಲ ಇಲ್ಲ. ಎರಡು ಕಣಗಿಲೆಗಳೂ ಪೂರ್ತಿ ವಿಷ, ಎಲೆ, ಹೂವು, ಬೀಜ ಎಲ್ಲವೂ. ಹಾಗಾಗಿ ಈ ಗುರುತು ಸುಮ್ನೆ ಶೋಕಿಗಲ್ಲ. ಹಾಲು ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯದೆ ಮೊದಲು ತೊಳೆದುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಂಗಡಿ. ಬೀದಿಯಲ್ಲಿ ಇದಕ್ಕೆ ಮರ್ಯಾದೆ ಕಮ್ಮಿ. "ಅಲ್ಲಪ್ಪಾ, ಕೆರೆ ಏರಿ ಮೇಲೆ ತಾನೇ ಹುಟ್ಟೋ ಗಿಡಾನ ಮನೆ ಮುಂದೆ ಹಾಕ್ತಾರಾ?" ಅಂತ ಪಕ್ಕದ ಮನೆ ಅಜ್ಜಿ ಕೇಳಿದರು. "ತಾನೇ ಹುಟ್ಟುತ್ತೆ ಅಂತಾನೇ ಹಾಕಿದ್ದು ಅಜ್ಜಿ" ಅಂದೆ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಈಗ ಯಾರಿಗೂ ಬೇಡವಾಗಿ ಬೇಲಿ ಪಕ್ಕ ನಿಂತಿದೆ. ಹೂವಿಲ್ಲದಾಗಲೂ ಗುರುತು ಸುಲಭ. ಪುಟ್ಟ ಎಲೆಗಳು ಜೋಡಿ ಜೋಡಿಯಾಗಿ ಒಂದು ದಂಟಿಗೆ ಕೂತಿರುತ್ತವೆ, ಆ ದಂಟು ಕಾಂಡಕ್ಕೆ ಸೇರುವ ಕಡೆ ಎರಡೂ ಬದಿಗೆ ಕಿವಿಯ ಹಾಗೆ ಒಂದೊಂದು ಹಸಿರು ಹಾಳೆ. ಆ ಕಿವಿ ಕಂಡರೆ ತಂಗಡಿಯೇ. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಷ್ಟು ತೆಳು.

ಇದನ್ನು ಕಿತ್ತು ತಂದು ನೆಟ್ಟರೆ ಬದುಕುವುದು ಕಷ್ಟ, ಬೇರು ನೇರ ಆಳಕ್ಕೆ ಇಳಿದಿರುತ್ತದೆ. ಬೀಜವೇ ದಾರಿ. ಬೀಜದ ಸಿಪ್ಪೆ ಗಟ್ಟಿ. ಒಂದು ಬದಿಯನ್ನು ಮರಳು ಕಾಗದದ ಮೇಲೆ ಸ್ವಲ್ಪ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿದೆ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬೇಕಾದ ಜಾಗದಲ್ಲೇ ಊರಿದೆ. ಉಬ್ಬದೇ ಇದ್ದವನ್ನು ಮತ್ತೆ ಉಜ್ಜಬೇಕು. ಮೊದಲ ಬೇಸಿಗೆ ದಾಟಿದ ಮೇಲೆ ನಾನು ಅದಕ್ಕೆ ನೀರು ಹಾಕಿದ್ದು ಅಪರೂಪ. ಹಳದಿ ಹೂವು ಗೊಂಚಲು ಗೊಂಚಲಾಗಿ ಬಂತು. ಜೊತೆಗೆ ತಿಳಿ ಹಸಿರು ಛಾಯೆಯ ಬಿಳಿ ಚಿಟ್ಟೆಗಳೂ ಬಂದವು. ಅವು ಮೊಟ್ಟೆ ಇಡುವುದೇ ಇದರ ಎಲೆ ಮೇಲೆ. ಹಸಿರು ಹುಳುಗಳು ಎಲೆ ಬೋಳಿಸುತ್ತವೆ ನಿಜ, ಆದರೆ ಗಿಡ ಮತ್ತೆ ಚಿಗುರುತ್ತದೆ. ದಯವಿಟ್ಟು ಔಷಧಿ ಹೊಡೆಯಬೇಡಿ.

ದಾಸವಾಳ, ನಂದಿಬಟ್ಟಲು, ಕಣಗಿಲೆ ಮೂರೂ ಕಡ್ಡಿಯಿಂದಲೇ. ಜೂನ್ ಮುಗಿಯುವ ಹೊತ್ತಿಗೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಸಾಕು. ಗೆಣ್ಣಿನ ಕೆಳಗೇ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕೆಂಪು ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿ ನೆರಳಲ್ಲಿ ಊರುತ್ತೇನೆ. ಚಿಗುರು ಬಂತು ಅಂತ ತಕ್ಷಣ ಕಿತ್ತು ನೋಡಬೇಡಿ. ಚಿಗುರು ಮೊದಲು ಬರುತ್ತದೆ, ಬೇರು ನಿಧಾನ.

ಇಕ್ಸೋರಾ, ಅಂದರೆ ಕೇಪುಳದ ಬಗ್ಗೆ ಒಂದು ಮಾತು. ಎಲ್ಲರೂ ಗಟ್ಟಿ ಗಿಡ ಅನ್ನುತ್ತಾರೆ. ಕರಾವಳಿಯ ಹುಳಿ ಮಣ್ಣಿನಲ್ಲಿ ಗಟ್ಟಿಯೇ. ಇಲ್ಲಿಯ ಸುಣ್ಣದ ನೀರಿಗೆ ಅದರ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ನಾನು ಒಂದನ್ನು ಮಾತ್ರ ಕುಂಡದಲ್ಲಿ ಇಟ್ಟು, ತಾರಸಿಯಿಂದ ಡ್ರಮ್ಮಿಗೆ ಹಿಡಿದ ಮಳೆ ನೀರು ಹಾಕುತ್ತೇನೆ. ಆ ಡ್ರಮ್ ಇಲ್ಲದವರು ಅದರ ಗೋಜಿಗೆ ಹೋಗದಿರುವುದೇ ವಾಸಿ.

ನೀರು ಹಾಕುವುದು ವಾರಕ್ಕೊಮ್ಮೆ, ಆದರೆ ಬುಡದ ಸುತ್ತ ಪಾತಿ ತುಂಬುವಷ್ಟು. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿದುಬಿಡುತ್ತದೆ. ಪಾತಿಗೆ ರಾಗಿ ಹುಲ್ಲು ಹೊದಿಸಿದರೆ ತೇವ ಆರುವುದಿಲ್ಲ. ಕಾಗದದ ಹೂವಿನ ಗಿಡಕ್ಕೆ ಮಾತ್ರ ಇನ್ನೂ ಕಮ್ಮಿ. ನೀರು, ಗೊಬ್ಬರ ಜಾಸ್ತಿಯಾದರೆ ಅದು ಬರೀ ಎಲೆ ಬಿಡುತ್ತದೆ.

ದಾಸವಾಳದ ತುದಿಗೆ ಬಿಳಿ ಹಿಟ್ಟು ತಿಗಣೆ ಬಂದರೆ ಮೊದಲು ಇರುವೆ ಸಾಲು ಹುಡುಕಿ, ತಿಗಣೆಯನ್ನು ಕಾಯುವುದು ಅವೇ. ಪೈಪಿನ ಜೋರು ನೀರಲ್ಲಿ ತೊಳೆದು, ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಕದಡಿ ಹೊಡೆಯುತ್ತೇನೆ. ಚಳಿ ಕಳೆದ ಮೇಲೆ ದಾಸವಾಳವನ್ನು ಚೆನ್ನಾಗಿ ಸವರಬೇಕು, ಹೂ ಬಿಡುವುದು ಹೊಸ ಚಿಗುರಿನಲ್ಲೇ. ಕಣಗಿಲೆಯನ್ನೂ ಸವರುತ್ತೇನೆ, ಆದರೆ ಆ ಕಡ್ಡಿಗಳನ್ನು ಸ್ನಾನದ ಒಲೆಗೆ ಹಾಕುವುದಿಲ್ಲ, ಅದರ ಹೊಗೆಯೂ ವಿಷ. ಹಸು, ಮೇಕೆ ಬಾಯಿ ಹಾಕುವ ಕಡೆ ಬಿಸಾಡುವುದೂ ಇಲ್ಲ. ಹಿತ್ತಲ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿಬಿಡುತ್ತೇನೆ.